ಕೆಂಪಿಯನ್ನು ಹೊತ್ತು ತಿರುಗಿದ್ದು

ಕೆಂಪಿ ಬಿಸ್ಕೆಟ್ಟನ್ನು ಮೂಸಿ ನೋಡಿ ಮುಖ ತಿರುಗಿಸಿದ ದಿನ ನಮ್ಮಲ್ಲಿಂದ ದೊಡ್ಡದೊಂದು ಮಾಲಿನ ಲಾಟು ಹೊರಡಬೇಕಿತ್ತು. ನಾನು ಪೀಣ್ಯದ ಒಂದು ಪ್ಲೇಟಿಂಗ್ ಶಾಪಿನಲ್ಲಿ ಇನ್‌ಸ್ಪೆಕ್ಷನ್, ಪ್ಯಾಕಿಂಗ್ ಎರಡೂ ನೋಡಿಕೊಳ್ಳುವವಳು. ಬೇರೆ ಕಂಪನಿಗಳು ಕಳಿಸುವ ನಟ್ಟು, ಬೋಲ್ಟು, ವಾಷರುಗಳಿಗೆ ತುಕ್ಕು ಹಿಡಿಯದ ಹಾಗೆ ಜಿಂಕ್, ಅಂದರೆ ಸತುವಿನ ಲೇಪ ಹಾಕಿ ವಾಪಸ್ ಕಳಿಸುವುದು ನಮ್ಮ ಕಸುಬು. ತೊಳೆ, ಆಸಿಡ್ಡಿಗೆ ಅದ್ದು, ಸತುವಿನ ದ್ರಾವಣದ ಬ್ಯಾರೆಲ್ಲಿನಲ್ಲಿ ತಿರುಗಿಸು, ಒಣಗಿಸು, ನನ್ನ ಟೇಬಲ್ ಮೇಲೆ ಸುರಿ. ಆ ಟೇಬಲ್ಲಿನಿಂದ ಕೆಳಗೆ ಬೀಳುವ ಒಂದೊಂದು ಪೀಸೂ ನನಗೆ ತಲೆನೋವು. ಒಬ್ಬ ಗಿರಾಕಿಯ ವಾಷರ್ ಇನ್ನೊಬ್ಬ ಗಿರಾಕಿಯ ಡಬ್ಬಕ್ಕೆ ಸೇರಿಹೋದರೆ ಇಡೀ ಲಾಟು ವಾಪಸ್ ಬರುತ್ತದೆ, ಜೊತೆಗೆ ಬೈಗುಳವೂ ಬರುತ್ತದೆ.

ಒಮ್ಮೆ ಹಾಗೇ ಆಗಿತ್ತು. ಯಜಮಾನರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ಇನ್ಮೇಲೆ ನೆಲದ್ ಮೇಲೆ ಒಂದ್ ಪೀಸ್ ಕಂಡ್ರೂ ನಾನ್ ಮನುಷ್ಯ ಆಗಿರಲ್ಲ" ಎಂದು ಕೂಗಾಡಿದರು. ಅವತ್ತಿನಿಂದ ಟೀ ಹೊತ್ತಿನಲ್ಲೂ ನಾವು ಟೇಬಲ್ ಕೆಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದೆವು. ನನ್ನ ಸೊಂಟ ಬಿದ್ದುಹೋಗುತ್ತಿತ್ತು.

ಕೆಂಪಿ ನಮ್ಮ ಶಾಪಿನ ನಾಯಿ. ಗೇಟಿನ ಹೊರಗೆ ಮರಳಿನ ಗುಡ್ಡೆಯಲ್ಲಿ ಕುಂಯ್‌ಗುಟ್ಟುತ್ತಿದ್ದ ಮರಿಯನ್ನು ನಮ್ಮ ಬ್ಯಾರೆಲ್ ಆಪರೇಟರ್ ಎತ್ತಿಕೊಂಡು ಬಂದಿದ್ದ. ಅವನು ಕೊಪ್ಪಳದ ಕಡೆಯವನು. ಬಾಗಲಗುಂಟೆಯಲ್ಲಿ ಊರಿನವರ ಜೊತೆ ಒಂದೇ ರೂಮಿನಲ್ಲಿರುವವನು. ರೂಮಿನ ಓನರ್ ನಾಯಿ ಬೇಡ ಎಂದಿದ್ದಕ್ಕೆ ಅವಳು ಶಾಪಿನಲ್ಲೇ ಉಳಿದಳು. ಪ್ಯಾಕಿಂಗ್ ಸೆಕ್ಷನ್ನಿನ ಮೂಲೆಯಲ್ಲಿ ಒಂದು ಹಳೇ ಗೋಣಿಚೀಲ, ಅದೇ ಅವಳ ಮನೆ. ಗೇಟು ದಾಟುತ್ತಿರಲಿಲ್ಲ. ಬೀದಿ ನಾಯಿಗಳನ್ನು ಕಂಡರೆ ನನ್ನ ಕಾಲ ಹಿಂದೆ ಬಂದು ನಿಲ್ಲುತ್ತಿದ್ದಳು, ಪುಕ್ಕಲಿ.

ಬಿದ್ದ ಪೀಸು ಹೆಕ್ಕಿ ತರುವ ವಿದ್ಯೆಯನ್ನು ಇವಳಿಗೆ ಯಾರೂ ಕೂತು ಕಲಿಸಿದ್ದಲ್ಲ. ಒಂದು ದಿನ ಟೀ ಕುಡಿಯುವಾಗ ಒಂದು ವಾಷರ್ ಉರುಳಿಕೊಂಡು ಹೋಯಿತು. ಕೆಂಪಿ ಓಡಿಹೋಗಿ ಬಾಯಲ್ಲಿ ಹಿಡಿದು ತಂದು ಆಪರೇಟರ್ ಮುಂದೆ ಇಟ್ಟಳು. ಅವನು ಖುಷಿಯಾಗಿ ಟೀಯಲ್ಲಿ ಅದ್ದಿದ್ದ ಬಿಸ್ಕೆಟ್ ಕೊಟ್ಟ. ಅಷ್ಟೇ. ಮಾರನೇ ದಿನ ಇನ್ನೊಂದು ತಂದಳು. ಆಮೇಲೆ ನಾವೆಲ್ಲ ಸೇರಿಕೊಂಡೆವು. ಪೀಸ್ ಬಿದ್ದ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಎದ್ದು ಬರುವಳು, ಟೇಬಲ್ ಕೆಳಗೆ ನುಗ್ಗುವಳು, ಹೆಕ್ಕಿ ತಂದು ನನ್ನ ಅಂಗೈಗೆ ಹಾಕಿ, ಮುಖ ನೋಡಿಕೊಂಡು ಕೂರುವಳು. ಬಿಸ್ಕೆಟ್ ಕೊಡುವ ತನಕ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಆಡಿಟ್ಟಿಗೆ ಬಂದವರ ಮುಂದೆ ಬೇಕಂತಲೇ ಒಂದು ವಾಷರ್ ಬೀಳಿಸಿ ತೋರಿಸಿದ್ದೆವು. ಅವರು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು. "ಇವಳಿಗೊಂದ್ ಐಡಿ ಕಾರ್ಡ್ ಮಾಡ್ಸಿ ಕಣ್ರೀ" ಎಂದು ಯಜಮಾನರೂ ನಕ್ಕರು.

ಅಂಥವಳು ಬಿಸ್ಕೆಟ್ ಬೇಡ ಅಂದಳು. ಆಪರೇಟರ್ ಕೈ ಒರೆಸಿಕೊಂಡು ನನ್ನ ಹತ್ತಿರ ಬಂದ.

"ಅಕ್ಕಾರ, ಕೆಂಪಿ ಮುಂಜಾನಿಂದ ಏನೂ ತಿಂದಿಲ್ರಿ. ಎರಡ ಸಲ ವಾಂತಿ ಮಾಡ್ಕೊಂಡೈತಿ."

"ಬಿಸ್ಲಿಗೆ ಇರ್ಬೇಕು ಕಣೋ. ಮೊಸರನ್ನ ಹಾಕು" ಅಂದೆ. ನನ್ನ ತಲೆ ತುಂಬ ಲಾಟಿನ ಚಿಂತೆ. ಸಂಜೆ ಹೊತ್ತಿಗೆ ಅವಳು ಗೋಣಿಚೀಲ ಬಿಟ್ಟು ಏಳಲಿಲ್ಲ. ತುಟಿ ಎತ್ತಿ ನೋಡಿದರೆ ವಸಡು ಬಿಳಿಚಿಕೊಂಡಿತ್ತು. ಲಾಟು ಟೆಂಪೋ ಹತ್ತಿದ ಮೇಲೆ ಇಬ್ಬರೂ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಬಾಗಲಗುಂಟೆ ಕಡೆಯ ಒಂದು ಕ್ಲಿನಿಕ್ಕಿಗೆ ಹೋದೆವು.

ಅದು ಒಂದೇ ಶಟರಿನ ಜಾಗ. ಮುಂದುಗಡೆ ನಾಯಿ ಆಹಾರದ ಚೀಲಗಳು, ಹಿಂದುಗಡೆ ಸ್ಟೀಲ್ ಟೇಬಲ್. ಡಾಕ್ಟರು ಒಂದು ಕೈಯಲ್ಲಿ ಫೋನ್ ಹಿಡಿದೇ ಕೆಂಪಿಯ ಕಣ್ಣು, ವಸಡು ನೋಡಿದರು. ಕಿವಿ ಮಡಿಸಿ ನೋಡಿದಾಗ ರಕ್ತ ಹೀರುವ ಒಂದು ಉಣ್ಣಿ ಸಿಕ್ಕಿತು. ಅದನ್ನು ಕಿತ್ತು ನಮ್ಮ ಮುಖದ ಮುಂದೆ ಹಿಡಿದರು.

"ನೋಡಿದ್ರಾ? ಟಿಕ್ ಫೀವರ್. ಈಗ ಬರೋದೆಲ್ಲ ಇದೇ. ಬೀದಿ ನಾಯಿನಾ?"

"ಇಲ್ಲ ಸಾರ್, ನಾವೇ ಸಾಕಿರೋದು."

"ಹೊರಗಡೆ ಏನಾದ್ರೂ ತಿಂತಾ?"

"ಹೊರಗಡೆ ಹೋಗೋದೇ ಇಲ್ಲ ಸಾರ್."

ನಿಜವನ್ನೇ ಹೇಳಿದ್ದೆ. ರಕ್ತ ಪರೀಕ್ಷೆ ಮಾಡಿಸಬೇಕಾ ಎಂದು ಕೇಳಿದೆ. "ಯಾಕೆ ಸುಮ್ನೆ? ನೋಡಿದ್ರೆ ಗೊತ್ತಾಗಲ್ವಾ" ಎಂದು ಇಂಜೆಕ್ಷನ್ ಚುಚ್ಚಿ, ಮಾತ್ರೆ ಬರೆದುಕೊಟ್ಟರು. ನನಗೂ ಅದೇ ಬೇಕಿತ್ತು, ಸುಳ್ಳೇಕೆ ಹೇಳಲಿ. ಕಾಯಿಲೆಗೆ ಒಂದು ಹೆಸರು ಸಿಕ್ಕಿತಲ್ಲ ಎಂದು ಹಗುರವಾಗಿ ಮನೆಗೆ ಹೋದೆ.

ಮಾತ್ರೆ ನುಂಗಿಸುವುದು ಒಂದು ದೊಡ್ಡ ಕಥೆ. ಬೆಲ್ಲದಲ್ಲಿ ಇಟ್ಟರೆ ಬೆಲ್ಲ ನೆಕ್ಕಿ ಮಾತ್ರೆ ಉಗಿಯುವಳು. ಕೊನೆಗೆ ಆಪರೇಟರ್ ಅವಳ ದವಡೆ ಹಿಡಿಯುವುದು, ನಾನು ಗಂಟಲಲ್ಲಿ ಹಾಕಿ ಮೂತಿ ಮುಚ್ಚುವುದು ಅಂತ ಆಯಿತು. ಬೆಳಿಗ್ಗೆ ಶಿಫ್ಟ್ ಶುರುವಾಗುವ ಮೊದಲು ಒಂದು, ಸಂಜೆ ಒಂದು. ಎರಡು ಮೂರು ದಿನದಲ್ಲಿ ಕೆಂಪಿ ಎದ್ದಳು, ಮೊಸರನ್ನ ನೆಕ್ಕಿದಳು. ನನ್ನ ಟೇಬಲ್ಲಿನಿಂದ ವಾಷರ್ ಬಿದ್ದ ಸದ್ದಿಗೆ ಕಿವಿ ನಿಮಿರಿಸಿ ಬಂದು ಹೆಕ್ಕಿಯೂ ಕೊಟ್ಟಳು. ಇಡೀ ಶಾಪು ಕೇಕೆ ಹಾಕಿತು. ಅವತ್ತು ಬ್ಯಾರೆಲ್ ಸೆಕ್ಷನ್ನಿನವರು ಸಂತೋಷಕ್ಕೆ ಬೇಕಂತಲೇ ವಾಷರ್ ಬೀಳಿಸಿ ಬೀಳಿಸಿ ಬಿಸ್ಕೆಟ್ ಕೊಟ್ಟರು.

ಆಮೇಲೆ ಒಂದು ಬೆಳಿಗ್ಗೆ ಪ್ಯಾಕಿಂಗ್ ಸೆಕ್ಷನ್ನಿನ ಬಿಳಿ ಟೈಲ್ಸ್ ಮೇಲೆ ಅವಳು ಉಚ್ಚೆ ಹೊಯ್ದಿದ್ದನ್ನು ನೋಡಿದೆ. ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗಿತ್ತು. ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದೆ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಮಧ್ಯಾಹ್ನದ ಮೇಲೆ ಒಂದು ವಾಯ್ಸ್ ಮೆಸೇಜ್ ಬಂತು. "ಮಾತ್ರೆ ಕಂಟಿನ್ಯೂ ಮಾಡಿ ಮೇಡಂ, ನೀರು ಜಾಸ್ತಿ ಕುಡಿಸಿ." ಫೋಟೋ ನೋಡಿದ್ದರೋ ಇಲ್ಲವೋ ದೇವರಿಗೇ ಗೊತ್ತು. ನೀರು ಕುಡಿಸಿದೆವು. ಕುಡಿದದ್ದನ್ನೆಲ್ಲ ಕಕ್ಕಿದಳು.

ಮೆಟ್ರೋ ಸ್ಟೇಷನ್ ಹತ್ತಿರ ಗಾಜಿನ ಬಾಗಿಲಿನ ಒಂದು ದೊಡ್ಡ ಕ್ಲಿನಿಕ್ ಇದೆ, ಅಪಾರ್ಟ್‌ಮೆಂಟಿನವರು ಹೋಗುವಂಥದ್ದು. ಅಲ್ಲಿಗೆ ಹೋದೆವು. ಒಳಗೆ ಎಸಿ, ಶಾಂಪೂ ವಾಸನೆ, ಗೋಡೆ ಮೇಲೆ ನಗುವ ನಾಯಿಗಳ ಚಿತ್ರ. ಆಪರೇಟರನ ಯೂನಿಫಾರ್ಮಿನಲ್ಲಿ ಆಸಿಡ್ ತೂತುಗಳು. ಅವನು ಚಪ್ಪಲಿ ಬಾಗಿಲ ಹೊರಗೇ ಬಿಟ್ಟು ಬಂದ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡುತ್ತಲೇ ಕೇಳಿದಳು.

"ಬ್ರೀಡ್ ಏನ್ ಮೇಡಂ?"

"ನಾಯಿ" ಅಂದೆ. ನನಗೆ ಆಗಲೇ ಸಿಟ್ಟು ನೆತ್ತಿಗೇರಿತ್ತು.

"ಪೆಟ್ ಪೇರೆಂಟ್ ನೇಮ್?"

"ಅದರ ಅವ್ವ ಅಪ್ಪ ಯಾರಂತ ನಮಗೆ ಹ್ಯಾಂಗ ಗೊತ್ತಾಗ್ಬೇಕ್ರಿ ಮೇಡಂ, ಮರಳಾಗ ಬಿದ್ದಿತ್ತು" ಅಂದ ಆಪರೇಟರ್. ಪಕ್ಕದಲ್ಲಿ ಬೆಕ್ಕು ಹಿಡಿದು ಕೂತಿದ್ದವರು ನಕ್ಕರು. ಅವನಿಗೆ ಯಾಕೆ ನಕ್ಕರೆಂದು ತಿಳಿಯಲಿಲ್ಲ. ಸಾಕಿದವರು ಅಂತ ನಾನು ನನ್ನ ಹೆಸರು ಬರೆಸಿದೆ.

ಇಲ್ಲಿ ರಕ್ತ ತೆಗೆದರು. ಆ ಮಟ್ಟಿಗೆ ಒಳ್ಳೆಯದೇ. ಡಾಕ್ಟರ್ ಚಿಕ್ಕ ವಯಸ್ಸಿನವರು, ಮೃದುವಾಗಿ ಮಾತಾಡಿದರು. ರಕ್ತ ಬಹಳ ಕಮ್ಮಿ ಇದೆ, ಲಿವರ್ ಕೆಟ್ಟಿದೆ ಎಂದರು. "ಆ ಮಾತ್ರೆ ಎಲ್ಲ ಈಗಲೇ ನಿಲ್ಸಿ. ಯಾರ್ ಕೊಟ್ಟಿದ್ದು? ಅದ್ರಿಂದಲೇ ಲಿವರ್ ಹೀಗಾಗಿರ್ಬೇಕು. ಅನ್ನ, ಬಿಸ್ಕೆಟ್ ಏನೂ ಬೇಡ, ಈ ಫುಡ್ ಮಾತ್ರ ಕೊಡಿ." ಒಂದು ಸಿರಪ್, ಒಂದು ಡಬ್ಬಿ ಆಹಾರ ಕೊಟ್ಟರು. ಆಪರೇಟರ್ ಆಟೋದಲ್ಲಿ ತಲೆ ತಗ್ಗಿಸಿ ಕೂತಿದ್ದ. "ನಾವ ಹಾಕಿದ ಗುಳಿಗಿನ ಅದನ್ನ ಕೊಲ್ಲಾಕ ಹತ್ತಿತ್ತೇನ್ರಿ ಅಕ್ಕಾರ?" ಎಂದು ಕೇಳಿದ. ನಾವೇ ಅಲ್ಲವೇ ದವಡೆ ಹಿಡಿದು ನುಂಗಿಸಿದವರು.

ಡಬ್ಬಿ ಆಹಾರವನ್ನು ಅವಳು ಮೂಸಲಿಲ್ಲ. ವಾರದ ಕೊನೆಗೆ ಮತ್ತೆ ಅದೇ ಗಾಜಿನ ಬಾಗಿಲು. ಈ ಸಲ ಬೇರೆ ಡಾಕ್ಟರು. ಮೊದಲಿಂದ ಕಥೆ ಹೇಳಿದೆ. ಅವರು ಲಿವರ್ ಅಲ್ಲ ಅಂದರು. "ಅವಳ ಮೈಯೇ ಅವಳ ರಕ್ತನ ಶತ್ರು ಅಂದ್ಕೊಂಡು ಒಡೆದು ಹಾಕ್ತಿದೆ" ಎಂದು ವಿವರಿಸಿ ಸ್ಟೀರಾಯ್ಡ್ ಶುರು ಮಾಡಿದರು. ಅದಕ್ಕೆ ಕೆಂಪಿ ಒಂದಿಷ್ಟು ಚೇತರಿಸಿಕೊಂಡಳು. ಹಸಿವು ಬಂತು. ಗೋಣಿಚೀಲ ಬಿಟ್ಟು ನನ್ನ ಟೇಬಲ್ ಕಾಲಿನವರೆಗೆ ನಡೆದು ಬಂದು ಕೂತಳು. ಮತ್ತೆ ಆಸೆ ಹುಟ್ಟಿತು. ಆ ಆಸೆ ಇದೆಯಲ್ಲ, ಅದರಷ್ಟು ಸುಸ್ತು ಮಾಡುವ ವಸ್ತು ಇನ್ನೊಂದಿಲ್ಲ. ಬೆಳಿಗ್ಗೆ ಬಂದು ಶಟರ್ ಎತ್ತುವಾಗ ಮೊದಲು ಅವಳ ಬಾಲ ನೋಡುತ್ತಿದ್ದೆ. ಬಾಲ ಅಲ್ಲಾಡಿದರೆ ಅವತ್ತಿನ ಕೆಲಸ ಸಲೀಸು. ಅಲ್ಲಾಡದಿದ್ದರೆ ಕೈಗೆ ಸಿಕ್ಕ ಪೀಸೆಲ್ಲ ನನಗೆ ರಿಜೆಕ್ಟಾಗಿಯೇ ಕಾಣುತ್ತಿತ್ತು.

ಕೆಲವೇ ದಿನ. ಮತ್ತೆ ವಾಂತಿ, ಮತ್ತೆ ಆ ಡಿಕಾಕ್ಷನ್ ಬಣ್ಣ. ಈಗ ಕಣ್ಣಿನ ಬಿಳಿ ಕೂಡ ಹಳದಿಗೆ ತಿರುಗಿತ್ತು. ಮೂರನೇ ಸಲ ಹೋದಾಗ ಮತ್ತೊಬ್ಬ ಡಾಕ್ಟರು. ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿದರು.

"ಸ್ಟೀರಾಯ್ಡ್ ಯಾರ್ ಶುರು ಮಾಡಿದ್ದು ಇದಕ್ಕೆ?"

"ನಿಮ್ ಕುರ್ಚಿಲೇ ಕೂತಿದ್ದವರು!" ಅಂದೆ. ದನಿ ಏರಿತ್ತು. ಹೊರಗೆ ಕೂತವರಿಗೆಲ್ಲ ಕೇಳಿಸಿರಬೇಕು. "ಒಬ್ರು ಜ್ವರ ಅಂತೀರಾ, ಒಬ್ರು ಲಿವರ್ ಅಂತೀರಾ, ಒಬ್ರು ಅವಳ ಮೈಯೇ ಶತ್ರು ಅಂತೀರಾ. ನಿಮ್ನಿಮ್ಮಲ್ಲಿ ಒಂದ್ಸಲ ಮಾತಾಡ್ಕೊಳ್ಳಿ ಸಾರ್. ಬೇರೆ ಏನೂ ಇರಕ್ಕೆ ಸಾಧ್ಯಾನೇ ಇಲ್ವಾ?"

"ಗೂಗಲ್ ನೋಡ್ಕೊಂಡ್ ಬಂದ್ರಾ ಮೇಡಂ?"

"ಗೂಗಲ್ ನೋಡಕ್ಕೆ ನಂಗೆ ಪುರುಸೊತ್ತೆಲ್ಲಿದೆ? ಇವಳ್ನ ಹೊತ್ಕೊಂಡ್ ತಿರುಗೋದೇ ಆಗಿದೆ."

ಅವರೂ ಪಾಪ, ಕೆಟ್ಟವರಲ್ಲ. ಹೊರಗೆ ಇನ್ನೂ ಸಾಲು ಇತ್ತು. ಸ್ಕ್ಯಾನಿಂಗ್ ಬೇಕಿದ್ದರೆ ಆಮೇಲೆ ಮಾಡಬಹುದು, ಈಗ ಡೋಸ್ ಬದಲಾಯಿಸಿ ನೋಡೋಣ, ಸೋಮವಾರ ಬನ್ನಿ ಎಂದರು. ಬಾಗಿಲ ಹೊರಗೆ ಬಂದು ಆಪರೇಟರ್ ಚಪ್ಪಲಿ ಹಾಕಿಕೊಳ್ಳುವವರೆಗೆ ಕೆಂಪಿಯನ್ನು ನಾನು ಎತ್ತಿಕೊಂಡೆ. ಮೊದಲು ಎತ್ತಲು ಇಬ್ಬರು ಬೇಕಾಗುತ್ತಿತ್ತು. ಈಗ ನಾನೊಬ್ಬಳೇ ಎತ್ತಿದೆ.

ನನ್ನ ಟೇಬಲ್ಲಿಗೆ ಬಂದ ಪೀಸ್ ಮೇಲೆ ಸಂಶಯ ಬಂದರೆ ಗೇಜ್, ಅಂದರೆ ಅಳತೆಯ ಕಡ್ಡಿ ಹಾಕಿ ನೋಡುತ್ತೇನೆ. ಅದರ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗದೆ ನಿಲ್ಲಬೇಕು. ಅಲ್ಲಿಗೆ ಜಗಳ ಮುಗಿಯಿತು. ಈ ಡಾಕ್ಟರುಗಳ ಮಾತಿಗೆ ನಾನು ಯಾವ ಗೇಜ್ ತರಲಿ? ಅವರು ಹೇಳಿದ್ದು ನಂಬಬೇಕು, ಅವಳ ಬಾಯಿ ತೆರೆಸಿ ಸುರಿಯಬೇಕು, ಕಾಯಬೇಕು. ಅವಳಿಗೆ ಬಾಯಿಲ್ಲ, ನಮಗೆ ಬುದ್ಧಿ ಇಲ್ಲ, ಅವರಿಗೆ ಹೊತ್ತಿಲ್ಲ. ಅವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗ ಸುಮ್ಮನೆ ಕಣ್ಣಲ್ಲಿ ನೀರು ಬಂತು. ಪಕ್ಕದ ಸೀಟಿನ ಹೆಂಗಸು ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳಿದರು. ಹೌದು ಅಂದೆ.

ಸೋಮವಾರದವರೆಗೆ ಕಾಯಲಿಲ್ಲ. ಶನಿವಾರ ಬೆಳಿಗ್ಗೆ ಶಟರ್ ಎತ್ತಿದರೆ ಕೆಂಪಿ ತಲೆ ಎತ್ತಲಿಲ್ಲ. ಬಾಲದ ತುದಿ ಮಾತ್ರ ಗೋಣಿಚೀಲದ ಮೇಲೆ ಒಂದು ಸಲ ಸರಿದಾಡಿತು. ಅವತ್ತೂ ಒಂದು ಲಾಟು ಹೋಗಬೇಕಿತ್ತು. ನಾನು ನೋಡಿ ಸೀಲ್ ಹೊಡೆಯದೆ ನಮ್ಮಲ್ಲಿಂದ ಒಂದು ಡಬ್ಬವೂ ಹೊರಗೆ ಹೋಗುವುದಿಲ್ಲ. ಯಜಮಾನರ ಕ್ಯಾಬಿನ್ನಿಗೆ ಹೋಗಿ, ದೂರದ ದೊಡ್ಡ ಪಶು ಆಸ್ಪತ್ರೆಗೆ ಇವಳನ್ನು ಕರೆದುಕೊಂಡು ಹೋಗುತ್ತೇನೆ ಎಂದೆ.

"ನಾಯಿಗೋಸ್ಕರ ರಜಾನಾ? ಲಾಟ್ ಯಾರಮ್ಮ ಪಾಸ್ ಮಾಡ್ತಾರೆ?"

ನಾನು ಸೀಲು ತಂದು ಅವರ ಟೇಬಲ್ ಮೇಲಿಟ್ಟೆ. "ನೀವೇ ನೋಡಿ ಹೊಡ್ಕೊಳ್ಳಿ ಸಾರ್. ನಂಗೆ ಇವತ್ತು ಕಣ್ಣು ಕಾಣಲ್ಲ."

ಇಷ್ಟು ವರ್ಷದಲ್ಲಿ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಕೆಲಸ ಹೋಯಿತು ಅಂದುಕೊಂಡೆ. ಅವರು ಗಾಜಿನಾಚೆ ಗೋಣಿಚೀಲದ ಕಡೆ ನೋಡಿದರು. "ಆಟೋಲಿ ಬೇಡ. ಟೆಂಪೋ ತಗೊಂಡ್ ಹೋಗು. ಆಪರೇಟರ್‌ನೂ ಕರ್ಕೊಂಡ್ ಹೋಗು" ಎಂದರು.

ದೊಡ್ಡ ಆಸ್ಪತ್ರೆಯಲ್ಲಿ ಎಸಿ ಇಲ್ಲ, ಶಾಂಪೂ ವಾಸನೆಯೂ ಇಲ್ಲ. ಹುಣಸೆ ಮರದ ಕೆಳಗೆ ಉದ್ದನೆಯ ಸಾಲು. ಒಂದು ಎಮ್ಮೆ ಕರು, ಬುಟ್ಟಿಯಲ್ಲಿ ಬೆಕ್ಕು, ಕಾಲು ಮುರಿದ ಮೇಕೆ, ಮುಖ ಊದಿದ ಒಂದು ಜರ್ಮನ್ ಶೆಫರ್ಡ್. ಸರದಿ ಬಂದಾಗ ಒಳಗೆ ವಯಸ್ಸಾದ ಒಬ್ಬ ಡಾಕ್ಟರಮ್ಮ ಇದ್ದರು. ಬೆಳಗಿನಿಂದ ಕೂತು ಸುಸ್ತಾಗಿದ್ದರು, ನಮ್ಮ ಕಡೆ ನೋಡಿ ನಗಲಿಲ್ಲ. ಹಳೇ ಚೀಟಿಗಳನ್ನೆಲ್ಲ ಒಂದೊಂದಾಗಿ ಓದಿದರು. ಆಮೇಲೆ ಅಲ್ಲಿಯವರೆಗೆ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು.

"ಇವಳು ಇರೋದೆಲ್ಲಿ?"

"ಫ್ಯಾಕ್ಟರಿಲಿ ಮೇಡಂ."

"ಏನ್ ಫ್ಯಾಕ್ಟರಿ?"

"ಪ್ಲೇಟಿಂಗು. ಜಿಂಕ್ ಪ್ಲೇಟಿಂಗು."

ಅವರ ಪೆನ್ನು ನಿಂತಿತು. "ಮೊದ್ಲು ಎಕ್ಸ್‌ರೇ ತೆಗೆಸ್ಕೊಂಡ್ ಬನ್ನಿ" ಎಂದರು.

ಎಕ್ಸ್‌ರೇ ಟೇಬಲ್ ಮೇಲೆ ಕೆಂಪಿಯ ಮುಂಗಾಲು ನಾನು ಹಿಡಿದೆ, ಹಿಂಗಾಲು ಆಪರೇಟರ್ ಹಿಡಿದ. ಅವಳು ಕೊಸರಾಡಲೇ ಇಲ್ಲ. ಪರದೆಯ ಮೇಲೆ ಚಿತ್ರ ಬಂತು. ಪಕ್ಕೆಲುಬುಗಳ ಹಿಂದೆ, ಹೊಟ್ಟೆಯ ಜಾಗದಲ್ಲಿ ಬೆಳ್ಳಗೆ ಉಂಗುರಗಳು, ಒಂದರ ಮೇಲೊಂದು ಒರಗಿಕೊಂಡು ರಾಶಿಯಾಗಿದ್ದವು. ಒಂದೊಂದರ ನಡುವೆಯೂ ಗುಂಡನೆಯ ತೂತು. ಡಾಕ್ಟರಮ್ಮ ಏನೆಂದು ಕೇಳುವ ಮೊದಲೇ ಆಪರೇಟರ್ ಬಾಯಿ ತೆರೆದ.

"ಅಕ್ಕಾರ... ಇವು ನಮ್ಮ ವಾಷರ್ ಅದಾವಲ್ರಿ."

ಹೆಕ್ಕಿ ತಂದು ಕೈಗೆ ಹಾಕುವಳು ಅಂತ ನಾವು ಕುಣಿಯುತ್ತಿದ್ದೆವು. ಬಾಯಲ್ಲಿ ಒಂದು ಇರುವಾಗಲೇ ಇನ್ನೊಂದು ಬಿದ್ದರೆ, ಬಿಸ್ಕೆಟ್ಟಿನ ಆತುರಕ್ಕೆ ಮೊದಲಿನದನ್ನು ನುಂಗಿಬಿಡುತ್ತಿದ್ದಳು ಅಂತ ಯಾರಿಗೆ ಹೊಳೆಯಬೇಕು? ಬ್ಯಾರೆಲ್ ಸೆಕ್ಷನ್ನಿನವರು ಬೀಳಿಸಿ ಬೀಳಿಸಿ ಆಡಿಸಿದ ಆ ದಿನ ಕಣ್ಣ ಮುಂದೆ ಬಂತು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊಟ್ಟೆಯೊಳಗಿನ ಆಸಿಡ್ಡಿಗೆ ಸತು ಕರಗುತ್ತದೆ, ಕರಗಿದ್ದು ರಕ್ತಕ್ಕೆ ಸೇರಿ ಕೆಂಪು ಕಣಗಳನ್ನು ಒಡೆಯುತ್ತದೆ, ಅದಕ್ಕೇ ಉಚ್ಚೆ ಆ ಬಣ್ಣ ಎಂದು ಹೇಳಿದರು. ನಮ್ಮಲ್ಲಿ ಪ್ಲೇಟಿಂಗ್ ಕೆಟ್ಟ ಪೀಸುಗಳನ್ನು ಆಸಿಡ್ ತೊಟ್ಟಿಗೆ ಹಾಕುತ್ತೇವೆ. ಬುರುಬುರು ನೊರೆ ಎದ್ದು ಸತುವೆಲ್ಲ ಬಿಟ್ಟುಹೋಗುತ್ತದೆ. ದಿನಾ ನೋಡುವ ಕೆಲಸ. ಅದೇ ತೊಟ್ಟಿ ಅವಳ ಹೊಟ್ಟೆಯಲ್ಲಿ ಇಷ್ಟು ದಿನ ಕುದಿಯುತ್ತಿತ್ತು. ನಾವು ಮೇಲಿನಿಂದ ಮಾತ್ರೆ, ಸಿರಪ್ ಸುರಿಯುತ್ತಿದ್ದೆವು.

ನನಗೆ ಆ ಡಾಕ್ಟರುಗಳ ಮೇಲೆಲ್ಲ ಸಿಟ್ಟು ಉಕ್ಕಿ ಬಂತು. ಅಷ್ಟು ಸಲ ಹೊಟ್ಟೆ ಅಮುಕಿದರಲ್ಲ, ಒಂದು ಸಲ ಚಿತ್ರ ತೆಗೆದು ನೋಡಬಾರದಿತ್ತಾ? ಹೊರಗಡೆ ಏನಾದರೂ ತಿಂತಾ ಎಂದು ಕೇಳಿದರು, ಒಳಗಡೆ ಏನು ಮಾಡ್ತಾಳೆ ಎಂದು ಯಾರಾದರೂ ಕೇಳಿದರಾ? ಕೇಳಲಿಲ್ಲ. ನಾವೂ ಹೇಳಲಿಲ್ಲ. ಹೇಳಬೇಕಾದ ವಿಷಯ ಅಂತಲೇ ಗೊತ್ತಿರಲಿಲ್ಲ.

"ಹೊಟ್ಟೆ ಕೊಯ್ದು ತೆಗೀಬೇಕು" ಎಂದರು ಡಾಕ್ಟರಮ್ಮ. "ಆದ್ರೆ ರಕ್ತ ಇಷ್ಟ್ ಕಮ್ಮಿ ಇರುವಾಗ ಮಂಪರು ಕೊಟ್ರೆ ಏಳಲ್ಲ. ಮೊದ್ಲು ರಕ್ತ ಹಾಕ್ಬೇಕು. ಒಂದ್ ದೊಡ್ಡ ಆರೋಗ್ಯವಂತ ನಾಯಿ ಕರೆಸಿ. ರಕ್ತ ಹಾಕಿದ ತಕ್ಷಣ ಒಳಗೆ ತಗೊಳ್ತೀನಿ. ಅಲ್ಲೀತನಕ ಹೊಟ್ಟೆ ಖಾಲಿ ಇರ್ಬೇಕು. ಏನೂ ತಿನ್ನಿಸ್ಬೇಡಿ, ನೀರೂ ಬೇಡ."

ನನಗೆ ಮೊದಲು ನೆನಪಾದದ್ದು ನಾನಿರುವ ಮನೆಯ ಓನರ್ ಅಜ್ಜಿ. ಬಾಗಲಗುಂಟೆ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವವರು. ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು. ಅವರ ಮನೆಯಲ್ಲಿ ಕರುವಿನಷ್ಟು ದೊಡ್ಡ ನಾಯಿ ಇದೆ. ಫೋನ್ ಮಾಡಿ ಕೇಳಿದೆ.

"ಅಯ್ಯೋ, ಅಂಗೆಲ್ಲ ನಾಯಿ ರಕ್ತ ತೆಗೀತಾರೇನವ್ವ? ಇರು, ಇವ್ನುನ್ನ ಕೇಳ್ತೀನಿ" ಎಂದು ಫೋನು ಮಗನಿಗೆ ಕೊಟ್ಟರು. ಅವನು ತನ್ನ ನಾಯಿಯ ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದ. ಸ್ವಲ್ಪ ಹೊತ್ತಿನಲ್ಲಿ ಫೋನ್ ಬಂತು. "ನಮ್ ಡಾಕ್ಟ್ರು ಬೇಡ ಅಂದ್ರು ಅಕ್ಕ, ಇನ್ಫೆಕ್ಷನ್ ಆಗುತ್ತಂತೆ. ಸಾರಿ ಅಕ್ಕ." ಅಲ್ಲೂ ಒಬ್ಬ ಡಾಕ್ಟರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಸ್ಪತ್ರೆಯ ಅಟೆಂಡರ್ ಒಂದು ನಂಬರ್ ಕೊಟ್ಟ, ನಾಯಿ ರಕ್ತಕ್ಕೆ ಸಹಾಯ ಮಾಡುವ ಗುಂಪಿನದು. ಅವರ ಮೂಲಕ ಹೂಡಿಯ ಒಬ್ಬರು ಸಿಕ್ಕರು. ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವವರು. ಮುಖ ನೋಡಿಲ್ಲ, ಮೂತಿ ನೋಡಿಲ್ಲ. ಒಂದೇ ಮಾತಿಗೆ ಒಪ್ಪಿಕೊಂಡರು. "ನಮ್ ಲ್ಯಾಬ್ರಡಾರ್ ಮೂವತ್ ಕೇಜಿ ಮೇಲಿದಾನೆ ಮೇಡಂ. ಈಗಲೇ ಹೊರಟೆ." ಆ ಧ್ವನಿಗೆ ಕೈಮುಗಿಯಬೇಕು ಅನ್ನಿಸಿತು. ಆದರೆ ಅವರು ಊರಿನ ಒಂದು ಮೂಲೆ, ನಾವು ಇನ್ನೊಂದು ಮೂಲೆ. ಮಹದೇವಪುರ ದಾಟಿದೆ ಎಂದು ಮೆಸೇಜ್ ಬಂತು. ಆಮೇಲೆ, ರೈಲು ಹಳಿ ಮೇಲಿನ ತೂಗುಸೇತುವೆ ಹತ್ತಿರ ಮೆಟ್ರೋ ಕೆಲಸಕ್ಕೆ ರಸ್ತೆ ಮುಚ್ಚಿದ್ದಾರೆ, ನಿಂತುಬಿಟ್ಟಿದ್ದೇನೆ ಎಂದು ಬಂತು. ಆಮೇಲೆ ಒಂದು ಫೋಟೋ. ಎದುರಿಗೆಲ್ಲ ಬಸ್ಸುಗಳ ಬೆನ್ನು, ಹಿಂದಿನ ಸೀಟಿನಲ್ಲಿ ನಾಲಿಗೆ ಚಾಚಿಕೊಂಡು ಕೂತ ಅವರ ಲ್ಯಾಬ್ರಡಾರ್.

ಕೆಂಪಿಯನ್ನು ಒಳಗಿನ ವಾರ್ಡಿನಲ್ಲಿ ಕಟ್ಟೆಯ ಮೇಲೆ ಮಲಗಿಸಿದ್ದರು. ಮುಂಗಾಲಿಗೆ ಡ್ರಿಪ್. ನಾನು ತಲೆಯ ಹತ್ತಿರ ಕೆಳಗೆ ಕೂತಿದ್ದೆ, ಆಪರೇಟರ್ ಕಾಲಿನ ಹತ್ತಿರ. ನರ್ಸು ಪಕ್ಕದ ಬೆಕ್ಕಿಗೆ ಇಂಜೆಕ್ಷನ್ ತಯಾರು ಮಾಡುತ್ತಿದ್ದಳು. ಔಷಧಿ ಬಾಟಲಿಯ ಅಲ್ಯೂಮಿನಿಯಂ ಮುಚ್ಚಳ ಕೈಜಾರಿ ಮೊಸಾಯಿಕ್ ನೆಲದ ಮೇಲೆ ಬಿತ್ತು. ಟಿಣ್ ಎಂದು ಸದ್ದು. ಉರುಳಿಕೊಂಡು ಬಂದು ನಮ್ಮ ಕಟ್ಟೆಯ ಕೆಳಗೆ ನಿಂತಿತು.

ಬೆಳಗಿನಿಂದ ತಲೆ ಎತ್ತದ ಕೆಂಪಿ ಕಿವಿ ನಿಮಿರಿಸಿದಳು. ನಾವು ಹಿಡಿಯುವಷ್ಟರಲ್ಲಿ ಕಟ್ಟೆಯಿಂದ ಜಾರಿದಳು. ಕಟ್ಟೆ ಎತ್ತರವಿರಲಿಲ್ಲ. ಆದರೂ ಹಿಂಗಾಲು ಮಡಿಸಿಕೊಂಡು ಬಿದ್ದಳು. ಎದೆಯ ಮೇಲೆ ತೆವಳಿಕೊಂಡು, ಡ್ರಿಪ್ಪಿನ ನಳಿಕೆ ಎಳೆದುಕೊಂಡು ಮೂತಿ ಚಾಚಿದಳು. ಮುಚ್ಚಳ ಹೆಕ್ಕಿದಳು. ತಿರುಗಿ ಬಂದು ನನ್ನ ಅಂಗೈಗೆ ಹಾಕಿ, ಕೂರಲು ನೋಡಿದಳು. ಆಗಲಿಲ್ಲ. ಮಲಗಿಕೊಂಡೇ ಕತ್ತೆತ್ತಿ ನನ್ನ ಮುಖ ನೋಡಿದಳು.

ಆಪರೇಟರ್ ಶರ್ಟಿನ ಜೇಬಿಗೆ ಕೈ ಹಾಕಿದ. ಬಿಸ್ಕೆಟ್ ಪ್ಯಾಕೆಟ್ ಅವನ ಜೇಬಿನಲ್ಲೇ ಇತ್ತು, ದಿನದ ಅಭ್ಯಾಸ. "ಒಂದ ತುಣುಕರ ಕೊಡೂಣ್ರಿ ಅಕ್ಕಾರ" ಎಂದ.

"ಬೇಡ" ಎಂದೆ. "ಡಾಕ್ಟ್ರು ಏನ್ ಹೇಳಿದ್ರು? ಹೊಟ್ಟೆ ಖಾಲಿ ಇರ್ಬೇಕು."

ಎಷ್ಟೋ ಮಂದಿಯಲ್ಲಿ ಇವರೊಬ್ಬರು ಸರಿಯಾಗಿ ಹೇಳಿದ್ದರು. ಇವರ ಮಾತನ್ನು ಕೂದಲೆಳೆಯಷ್ಟೂ ಮೀರಬಾರದೆಂದು ನನ್ನ ಹಠ. ಕೆಂಪಿ ನೋಡುತ್ತಲೇ ಇದ್ದಳು. ಅವಳ ತಲೆ ಸವರಿದೆ. "ಆಮೇಲೆ ಕೊಡ್ತೀನಿ ಕಣೇ, ಪೂರಾ ಪ್ಯಾಕೆಟ್ ಕೊಡ್ತೀನಿ" ಎಂದೆ. ಅವಳಿಗೆ ಆಮೇಲೆ ಅನ್ನುವುದೆಲ್ಲ ಎಲ್ಲಿ ತಿಳಿಯಬೇಕು. ಬಹಳ ಹೊತ್ತು ಹಾಗೇ ನೋಡಿ, ಕೊನೆಗೆ ಗದ್ದವನ್ನು ನನ್ನ ಕಾಲ ಮೇಲೆ ಇಟ್ಟಳು. ನಾವು ಎತ್ತಿ ಮತ್ತೆ ಕಟ್ಟೆಯ ಮೇಲೆ ಮಲಗಿಸಲಿಲ್ಲ. ನರ್ಸು ಡ್ರಿಪ್ ಸರಿಮಾಡಿ, ಅಲ್ಲೇ ಇರಲಿ ಬಿಡಿ ಎಂದಳು.

ಹೂಡಿಯವರ ಇನ್ನೊಂದು ಮೆಸೇಜ್ ಬಂತು, ರಸ್ತೆ ಬಿಟ್ಟಿದ್ದಾರೆ, ಹೊರಟೆ ಎಂದು. ಅದನ್ನು ಆಪರೇಟರಿಗೆ ಓದಿ ಹೇಳುತ್ತಿದ್ದೆ. ಕಾಲ ಮೇಲಿನ ತಲೆ ಭಾರವಾದ ಹಾಗಾಯಿತು. ಡಾಕ್ಟರಮ್ಮ ಓಡಿ ಬಂದರು, ಎದೆ ಒತ್ತಿದರು, ಏನೋ ಚುಚ್ಚಿದರು. ಆಮೇಲೆ ಕೊರಳಿನ ಸ್ಟೆತಾಸ್ಕೋಪ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಮೊದಲೇ ಬಂದಿದ್ರೆ" ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

ಹೂಡಿಯವರು ಆಮೇಲೆ ಬಂದರು. ಬೆವರಿ ನೀರಾಗಿದ್ದರು. ಸಾರಿ ಮೇಡಂ, ಸಾರಿ ಮೇಡಂ ಎಂದು ಅವರೇ ಹೇಳುತ್ತಿದ್ದರು. ನಾನು ಅವರ ನಾಯಿಯ ಬೆನ್ನು ಸವರಿದೆ. ಅದು ಬಾಲ ಅಲ್ಲಾಡಿಸಿತು.

ಟೆಂಪೋದ ಹಿಂದುಗಡೆ ಡಬ್ಬ ಹೋಗಬೇಕಿದ್ದ ಜಾಗದಲ್ಲಿ ಗೋಣಿಚೀಲದ ಮೇಲೆ ಅವಳನ್ನು ಮಲಗಿಸಿ, ಇಬ್ಬರೂ ಪಕ್ಕದಲ್ಲಿ ಕೂತೆವು. ಪೀಣ್ಯದ ಕಡೆ ತಿರುಗಿದಾಗ ನನ್ನ ಬಲಗೈ ಮುಷ್ಟಿ ಕಟ್ಟಿರುವುದು ಗಮನಕ್ಕೆ ಬಂತು. ಬಿಡಿಸಿದರೆ ಆ ಬಾಟಲಿಯ ಮುಚ್ಚಳ. ಅಂಗೈಯಲ್ಲಿ ಗುಂಡನೆ ಅಚ್ಚು ಬಿದ್ದಿತ್ತು. ಆಪರೇಟರ್ ಅದನ್ನು ನೋಡಿದ. ಜೇಬಿನಿಂದ ಪ್ಯಾಕೆಟ್ ತೆಗೆದು ನಮ್ಮಿಬ್ಬರ ನಡುವೆ ಇಟ್ಟ. ಅದು ಒಡೆದೇ ಇರಲಿಲ್ಲ.

ಆಪರೇಷನ್ ಆಗಲೇ ಇಲ್ಲ. ಆಗದ ಆಪರೇಷನ್ನಿಗೆ ಅಂತ ಅವಳನ್ನು ಹಸಿದ ಹೊಟ್ಟೆಯಲ್ಲಿ ಇಟ್ಟಿದ್ದೆವು. ಕೆಂಪಿ ತನ್ನ ಕೆಲಸ ಮಾಡಿ ಮುಗಿಸಿದ್ದಳು. ಒಂದು ಬಿಸ್ಕೆಟ್, ಒಂದೇ ಒಂದು, ನಾನು ಕೊಡಬಹುದಿತ್ತು.